ರೆಕ್ಕೆ ಕೊಯ್ಯುವ ಕೆಲಸ

ಗಾಳಿಯಂತ್ರಗಳ ಬಯಲಿನಲ್ಲಿ ಅವನನ್ನು ಎಲ್ಲರೂ ಹಗ್ಗದಣ್ಣ ಎಂದೇ ಕರೆಯುತ್ತಿದ್ದರು. ಹತ್ತೊಂಬತ್ತು ವರ್ಷ ಸೊಂಟಕ್ಕೆ ಹಗ್ಗ ಬಿಗಿದು, ಎಂಬತ್ತು ಮೀಟರ್ ಎತ್ತರದಿಂದ ಜೋತುಬಿದ್ದು, ರೆಕ್ಕೆಗಳ ಬಿರುಕಿಗೆ ತೇಪೆ ಹಾಕಿದವನು ಅವನು. ಗಾಜಿನ ನಾರಿನ ಬಟ್ಟೆಯನ್ನು ಅಂಟಿನಲ್ಲಿ ಅದ್ದಿ ಮೆತ್ತುತ್ತಿದ್ದ. ಒಣಗಿದ ಮೇಲೆ ಕಣ್ಣು ಮುಚ್ಚಿ ಅಂಗೈಯಿಂದ ಸವರುತ್ತಿದ್ದ. ಕೂದಲೆಳೆಯಷ್ಟು ಉಬ್ಬು ತಾಗಿದರೂ ಮತ್ತೆ ಉಜ್ಜುತ್ತಿದ್ದ.

ಮದುವೆಯಾದ ಹೊಸದರಲ್ಲಿ ಹೆಂಡತಿ ಕೇಳಿದ್ದಳು: "ಅಲ್ಲಾರೀ, ಅದು ತೂಕಡಿಸ್ತಾ ತಿರುಗುತ್ತೆ. ಅದರಿಂದ ಏನು ಕರೆಂಟು ಬರುತ್ತೆ?"

"ನಿನ್ನ ಹೊಲಿಗೆ ಮಿಷನ್ನೇ ನೋಡು. ಕೆಳಗಿನ ದೊಡ್ಡ ಚಕ್ರ ಒಂದು ಸುತ್ತು ಹಾಕೋದ್ರಲ್ಲಿ ಮೇಲಿನ ಸಣ್ಣದು ಎಷ್ಟು ಸುತ್ತು ಹಾಕುತ್ತೆ? ಅಲ್ಲೂ ಹಾಗೇ. ಗಾಳಿ ರೆಕ್ಕೆ ತಳ್ಳುತ್ತೆ, ಒಳಗಿನ ಹಲ್ಲುಚಕ್ರಗಳು ಆ ವೇಗಾನ ನೂರು ಪಟ್ಟು ಮಾಡಿ ಡೈನಮೋ ತಿರುಗಿಸ್ತವೆ. ಗಾಳಿ ತೀರಾ ಹುಚ್ಚೆದ್ರೆ ರೆಕ್ಕೆಗಳು ಅದಕ್ಕೆ ಅಂಚು ತಿರುಗಿಸಿ ಸುಮ್ಮನೆ ನಿಂತುಬಿಡ್ತವೆ. ಸಿಟ್ಟು ಬಂದಾಗ ನೀನು ಮುಖ ತಿರುಗಿಸ್ತೀಯಲ್ಲ, ಹಾಗೆ."

ಅವಳು ಆಗಲೂ ಮುಖ ತಿರುಗಿಸಿದ್ದಳು, ನಗು ಮುಚ್ಚಿಕೊಳ್ಳಲು.

ಯಂತ್ರಗಳಿಗೆ ವಯಸ್ಸಾಯಿತು. ಅವನ್ನು ಬಿಚ್ಚಿ ಇನ್ನೂ ದೊಡ್ಡವನ್ನು ನಿಲ್ಲಿಸುವುದೆಂದಾಯಿತು. ಹೊಸವನ್ನು ಪರೀಕ್ಷಿಸಲು ಹಾರುವ ಕ್ಯಾಮೆರಾ ಬಂತು.

"ಹಗ್ಗದ ಕೆಲಸ ಮುಗೀತು. ಕೆಳಗೆ ಕೊಯ್ಯೋ ಕೆಲಸ ಇದೆ, ಮಾಡ್ತೀಯಾ?" ಎಂದ ಮೇಸ್ತ್ರಿ.

ಕಂಬದ ಉಕ್ಕಿಗೂ ತಂತಿಯ ತಾಮ್ರಕ್ಕೂ ಗಿರಾಕಿಗಳಿದ್ದರು. ರೆಕ್ಕೆಗಳು ಮಾತ್ರ ಯಾರಿಗೂ ಬೇಡವಾದವು. ಅವು ಕರಗುವುದಿಲ್ಲ, ಕೊಳೆಯುವುದೂ ಇಲ್ಲ. ಮೂರು ತುಂಡು ಮಾಡಿ ಗುಂಡಿಯಲ್ಲಿ ಹೂಳಬೇಕು. ಹಗ್ಗದಣ್ಣ ಗರಗಸ ಹಿಡಿದ. ಒಂದು ದಿನ ಕೊಯ್ಯುತ್ತಾ ಹೋದಾಗ ಕೈಗೆ ತಾನೇ ಹಾಕಿದ ತೇಪೆ ಸಿಕ್ಕಿತು. ಸುತ್ತಲೂ ರೆಕ್ಕೆ ಸೀಳಿತ್ತು, ತೇಪೆ ಜಗ್ಗಿರಲಿಲ್ಲ. ಅವನು ಗರಗಸ ನಿಲ್ಲಿಸಿದ.

"ಏನಾಯ್ತು?" ಮೇಸ್ತ್ರಿ ಕೂಗಿದ.

"ಏನಿಲ್ಲ" ಎಂದು ಅದರ ನಡುವಿನಲ್ಲೇ ಕೊಯ್ದ.

ಗರಗಸದಿಂದ ಬಿಳಿ ಧೂಳು ಏಳುತ್ತಿತ್ತು. ಹುಬ್ಬು, ರೆಪ್ಪೆ, ಊಟದ ಡಬ್ಬಿ, ಎಲ್ಲೆಲ್ಲೂ ಅದೇ. ಕೊಟ್ಟಿದ್ದು ಕಾಗದದಂಥ ಮಾಸ್ಕು; ಮಧ್ಯಾಹ್ನದೊಳಗೆ ಬೆವರಿಗೆ ನೆಂದು ಹರಿಯುತ್ತಿತ್ತು. ಸರಿಯಾದದ್ದು ಕೊಡಿ ಎಂದು ಕೇಳಿದಾಗಲೆಲ್ಲ ಮೇಸ್ತ್ರಿಯದು ಒಂದೇ ಮಾತು: "ನಾಳೆ ಬರುತ್ತೆ." ಆ ನಾಳೆ ಹದಿನಾಲ್ಕು ತಿಂಗಳಾದರೂ ಬರಲಿಲ್ಲ.

ಮೊದಲು ಕೆಮ್ಮು ಬಂತು. ಆಮೇಲೆ ಮನೆಯ ಮೂವತ್ತೆರಡು ಮೆಟ್ಟಿಲು ಹತ್ತುವುದರಲ್ಲಿ ಎರಡು ಕಡೆ ಕೂರುವಂತಾಯಿತು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಶ್ವಾಸಕೋಶ ಗಟ್ಟಿಯಾಗ್ತಿದೆ. ಧೂಳಿನ ಕೆಲಸ ಇವತ್ತೇ ಬಿಡಿ."

"ಬಿಟ್ರೆ ವಾಸಿಯಾಗುತ್ತಾ?"

"ಹೆಚ್ಚಾಗೋದು ನಿಧಾನ ಆಗಬಹುದು" ಎಂದರು.

ಕೆಲಸದಿಂದಲೇ ಬಂದ ಕಾಯಿಲೆ ಎಂದು ಬರೆಸಿಕೊಳ್ಳಲು ಹೆಂಡತಿ ಬಯಲಿನ ಆಫೀಸಿಗೆ ಹೋದಳು. ಗುಮಾಸ್ತ ಪಟ್ಟಿಯ ಮೇಲೆ ಎರಡು ಸಲ ಬೆರಳಾಡಿಸಿದ. "ಕೊಯ್ಯೋರ ಪಟ್ಟಿಯಲ್ಲಿ ಇವರ ಹೆಸರೇ ಇಲ್ಲಮ್ಮ. ಮೇಸ್ತ್ರಿನ ಕೇಳಿ." ಮೇಸ್ತ್ರಿ ಬೇರೆ ಕೆಲಸ ಹಿಡಿದು ಯಾವತ್ತೋ ಹೋಗಿದ್ದ. ಎಲ್ಲಿಗೆಂದು ಯಾರಿಗೂ ಗೊತ್ತಿರಲಿಲ್ಲ.

ಅವಳು ಬಂದು ಹೇಳಿದಾಗ ಹಗ್ಗದಣ್ಣ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ. ಮೂರನೆಯದಕ್ಕೆ ಉಸಿರು ಸಾಲದೆ ನಿಂತ.

"ಹತ್ತೊಂಬತ್ತು ವರ್ಷ ಮೇಲೆ ಹತ್ತಿದ್ದಾದ್ರೂ ಅವರ ಹತ್ರ ಬರೆದಿದೆಯಂತಾ?"

"ಅದನ್ನ ನಾನು ಕೇಳಲಿಲ್ಲರೀ" ಎಂದಳು ಅವಳು. ಹತ್ತಿರ ಬಂದು ಉಳಿದ ಗುಂಡಿಗಳನ್ನು ತಾನೇ ಹಾಕಿದಳು.