ಬೆಟ್ಟ ಇಳಿಯುವಾಗ ನಾನಾಡಿದ ಮಾತು

ಇವತ್ತು ಯಾರೋ ನಮ್ಮೂರಿನ ಮಲ್ಲಯ್ಯನ ಬೆಟ್ಟದ ಮಾಸ್ತಿಕಲ್ಲಿನ ಫೋಟೊ ಹಾಕಿದ್ದರು. ಗಂಡನ ಚಿತೆ ಏರಿದವಳ ನೆನಪಿಗೆ ಗುಡಿಯ ಮುಂದೆ ಬಯಲಲ್ಲಿ ನಿಲ್ಲಿಸಿದ ಕಲ್ಲು ಅದು. ಮೇಲೆತ್ತಿದ ಕೈ, ಕೈತುಂಬ ಬಳೆ. ನೋಡುತ್ತಲೇ ಮೂಗಿಗೆ ಹರಳೆಣ್ಣೆಯ ವಾಸನೆ ಬಂದಂತಾಯಿತು.

ನಾನಾಗ ಇನ್ನೂ ಚಿಕ್ಕವಳು. ತಂಗಿ ಗೌರಿಗೆ ನಾಲ್ಕು ದಿನದಿಂದ ಜ್ವರ ಬಿಟ್ಟಿರಲಿಲ್ಲ. ಅವಳನ್ನೆತ್ತಿಕೊಂಡು ಹುಣಸೂರಿನ ಡಾಕ್ಟರ ಬಳಿ ಹೊರಟಿದ್ದ ಅವ್ವನನ್ನು ಅಜ್ಜಿ ತಡೆದಳು.

"ಮೊದ್ಲು ಮಾಸ್ತಮ್ಮನ್ಗೆ ಎಣ್ಣೆ ಹಚ್ಬುಟ್ಟು ಬಾ. ಅವ್ಳು ಕೈ ಬುಡಾಕಿಲ್ಲ ಕಣಮ್ಮಿ."

ಅವ್ವ ಗೌರಿಯನ್ನು ಹೆಗಲಿಗೆ ಹಾಕಿಕೊಂಡು ಉರಿಬಿಸಿಲಲ್ಲಿ ಬೆಟ್ಟ ಹತ್ತಿದಳು. ಕಲ್ಲಿನ ಒಂದೊಂದು ಬಳೆಗೂ ಎಣ್ಣೆ ಸವರಿ, ಅದೇ ಬೆರಳನ್ನು ತಂಗಿಯ ಹಣೆಗೆ ಒತ್ತಿದಳು. ಮೆಟ್ಟಿಲು ಇಳಿಯುವಾಗ ನಾನು ಹಿಂದಿನಿಂದ ಗೌರಿಯ ಜೋತುಬಿದ್ದ ಪಾದ ಮುಟ್ಟಿದೆ. ತಣ್ಣಗಿತ್ತು.

"ಅವ್ವಾ, ಜ್ವರ ಬುಟ್ಟೋಯ್ತು!" ಎಂದು ಕೂಗಿದೆ.

ಅವ್ವ ತಿರುಗಿ ನೋಡಲಿಲ್ಲ. ಮನೆಗೆ ಬಂದು ಚಾಪೆಯ ಮೇಲೆ ಮಲಗಿಸಿದಾಗ ಅಜ್ಜಿ ಚೀರಿದಳು.

ಅವ್ವನಿಗೆ ಸುಳ್ಳು ಆಸೆ ಹುಟ್ಟಿಸಿದೆನೆಂಬ ಸಂಕಟ ಇಷ್ಟು ವರ್ಷ ನನ್ನನ್ನು ಕೊರೆದಿದೆ. ಇವತ್ತು ಅವಳೆದುರು ಕೂತು ಹೇಳಿಕೊಂಡೆ. ಅವ್ವ ತನ್ನ ಹೆಗಲು ಮುಟ್ಟಿಕೊಂಡಳು.

"ಎಗಲ ಮೇಲೆ ಉಸ್ರು ನಿಂತಿದ್ದು ನಂಗೆ ಆಗ್ಲೇ ಗೊತ್ತಾಗಿತ್ತು ಕಣವ್ವ. ನೀನು ಕುಸಿಯಾಗಿ ಕುಣ್ಕೊಂಡು ಬತ್ತಿದ್ದೆ. ಎಂಗೆ ಯೋಳ್ಲಿ?"