ಕೊಂಡಪ್ಪ ಕರೆದ ಮಳೆರಾಯ

ಪೆರೇಸಂದ್ರದ ಕೊಂಡಪ್ಪ ಮಂಗಳೂರಿಂದ ಲಕ್ಷದ್ವೀಪಕ್ಕೆ ಹೆಂಚು ಸಾಗಿಸೋ ಹಾಯಿಹಡಗಿನಲ್ಲಿ ಅಡುಗೆಗೆ ಸೇರಿದ್ದು ಎಂಬತ್ತನಾಲ್ಕನೇ ಇಸವಿಯಲ್ಲಿ. ಈಜು ಬರುತ್ತಿರಲಿಲ್ಲ, ಕಲಿಯಲು ಊರ ಕೆರೆಯಲ್ಲಿ ನೀರಾದರೂ ಇರಬೇಕಲ್ಲ.

ಒಂದು ಸಲ ನಡುಗಡಲಲ್ಲಿ ಗಾಳಿ ಬಿದ್ದುಹೋಗಿ ಹಡಗು ನಿಂತಲ್ಲೇ ನಿಂತಿತು. ಕುಡಿಯೋ ನೀರು ತಳ ಕಂಡಿತು. ಕೊಂಡಪ್ಪನಿಗೆ ಗೊತ್ತಿದ್ದ ಉಪಾಯ ಒಂದೇ, ಮಳೆ ಬಾರದಾಗ ಊರಲ್ಲಿ ಮಾಡುತ್ತಿದ್ದದ್ದು. ಊರಿಂದ ತಂದಿದ್ದ ರಾಗಿಹಿಟ್ಟನ್ನು ಸಮುದ್ರದ ನೀರಲ್ಲಿ ಕಲಸಿ ಮಳೆರಾಯನ ಗೊಂಬೆ ಮಾಡಿದ. ಹಲಗೆ ಮೇಲಿಟ್ಟು ತಲೆಗೇರಿಸಿಕೊಂಡು ಹಡಗೆಲ್ಲ ಸುತ್ತಿದ. ಪದ್ಧತಿ ಬಿಡಬಾರದೆಂದು ಖಲಾಸಿಗಳ ಕೈಲಿ ತಲೆ ಮೇಲೆ ಸಮುದ್ರದ ನೀರನ್ನೂ ಹುಯ್ಯಿಸಿಕೊಂಡ.

ಮಳೆರಾಯನಿಗೆ ಕೇಳಿಸಿತು. ಸಂಜೆ ಎದ್ದ ಬಿರುಗಾಳಿ ಮಳೆಗೆ ಹಾಯಿ ಹರಿದು, ಅದನ್ನು ಹೊತ್ತ ಕೂವೆಮರ ಮುರಿದು, ಹೆಂಚಿನ ಸಮೇತ ಹಡಗು ಮುಳುಗಿತು. ಸಣ್ಣ ದೋಣಿ ಹತ್ತಿ ಎಲ್ಲರೂ ಬದುಕಿದರು. "ನಿನ್ನ ದೇವರನ್ನು ನಿನ್ನ ಊರಲ್ಲೇ ಇಟ್ಟುಕೋ ಮಾರಾಯ," ಅಂದ ಹಡಗಿನ ಯಜಮಾನ.

ಊರಿಗೆ ಬಂದವನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಟೀ ಅಂಗಡಿಯಲ್ಲಿ ಹೇಳಿಬಿಟ್ಟ. ಹಡಗನ್ನೇ ಮುಳುಗಿಸಿದವನು ಕೆರೆ ತುಂಬಿಸನೇ? ಅಂದಿನಿಂದ ಮಳೆ ಕೈಕೊಟ್ಟ ಪ್ರತಿ ವರ್ಷ ಮಳೆರಾಯನ ಹಲಗೆ ಅವನ ತಲೆಗೇ. ಎಷ್ಟು ಸಲ ಹೊತ್ತರೂ ಒಂದು ಹನಿ ಬೀಳಲಿಲ್ಲ.

ಹೆಂಡತಿ ಮಂಗಮ್ಮ ಮಾತ್ರ, ಬೋರ್‌ವೆಲ್ ಮುಂದೆ ಜಗಳವಾಡಿ ಹಿಡಿದ ನೀರನ್ನು ಅವನ ತಲೆ ಮೇಲೆ ಹುಯ್ಯುತ್ತಾ ಪ್ರತಿ ಸಲ ಅನ್ನುತ್ತಿದ್ದಳು: "ಸಮುದ್ರಕ್ಕೆ ಮಳೆ ಹುಯ್ದ ದೇವ್ರು ಕಣಯ್ಯ ಅವ್ನು. ಇರೋರಿಗೇ ಕೊಡೋದು."