ಡಾಕ್ಟರ್ ಸನೋಬರ್ ಮೇಲಿನ ದೂರು

ಗ್ರಾಹಕರ ಆಯೋಗದ ನೋಟಿಸು ಕೈಗೆ ಬಂದಾಗ ವಿನೋಬನಗರದ ಡಾಕ್ಟರ್ ಸನೋಬರ್‌ಗೆ ಮೊದಲು ಅನುಮಾನ ಬಂದದ್ದು ಪಕ್ಕದ ರಸ್ತೆಯ ಡಾಕ್ಟರ್ ಅರುಣ್ ಕುಮಾರ್ ಮೇಲೆ. ದೂರು ಕೊಟ್ಟವನು ಹರಿಹರದ ಹತ್ತಿರದ ಕೊಕ್ಕನೂರಿನ ಸಣ್ಣತಿಮ್ಮಪ್ಪ. ಸೊಂಟನೋವಿಗೆ ಅವಳ ಕ್ಲಿನಿಕ್ಕಿನಲ್ಲಿ ಇಂಜೆಕ್ಷನ್ ಹಾಕಿಸಿಕೊಂಡ ಮೇಲೆ ಅವನ ಬಲಪಾದ ಜೋತುಬಿದ್ದಿತ್ತು. ಈಗ ಅವನು ಅರುಣ್ ಕುಮಾರ್ ಹತ್ತಿರ ತೋರಿಸಿಕೊಳ್ಳುತ್ತಿದ್ದ.

“ಅವನಿಗೆ ವೈದ್ಯಕೀಯ ನಿರ್ಲಕ್ಷ್ಯ ಅನ್ನೋ ಮಾತು ಯಾರು ಹೇಳಿಕೊಟ್ರು?” ಎಂದು ವಕೀಲ ಲಿಂಗಣ್ಣನವರನ್ನು ಕೇಳಿದಳು.

“ಅದು ಬಿಡ್ರಿ ಡಾಕ್ಟ್ರೇ. ನಿರ್ಲಕ್ಷ್ಯ ಆಗೈತೆ ಅಂತ ರುಜುವಾತು ಮಾಡೋ ಭಾರ ಅವಂದು. ನಾವು ಗಡುವಿನೊಳಗೆ ತಕರಾರು ಹಾಕ್ಬೇಕು. ಅವನ ಜೊತೆ ಮಾತು ಮಾತ್ರ ಬ್ಯಾಡ. ಇಂಜೆಕ್ಷನ್ ಕೊಟ್ಟಿದ್ದು ಯಾರು?”

“ನರ್ಸ್ ಕೀರ್ತನಾ.”

“ಆಕೆ ತಪ್ಪು ಮಾಡಿದ್ರೂ ಹೊಣೆ ನಿಮ್ದೇ. ಕ್ಲಿನಿಕ್ ನಿಮ್ದಲ್ಲೇನ್ರಿ?”

ಅಂದಿನಿಂದ ಕೀರ್ತನಾ ಫೋನಿನಲ್ಲಿ ದನಿ ತಗ್ಗಿಸಿದರೂ ಸನೋಬರ್ ಕಿವಿ ನಿಮಿರುತ್ತಿತ್ತು. ಹುಡುಗಿ ಹರಿಹರಕ್ಕೆ ಹೋಗಲು ರಜೆ ಕೇಳಿದರೆ, ಸಣ್ಣತಿಮ್ಮಪ್ಪನನ್ನು ಕಾಣಲಿಕ್ಕೇ ಎನಿಸಿತು. ಸಿರಿಂಜನ್ನು ಅವಳ ಕೈಗೆ ಕೊಡುವುದನ್ನೇ ಬಿಟ್ಟಳು.

“ಮೇಡಂ, ನನ್ ಮೇಲೆ ಡೌಟ್ ಐತೇನ್ರಿ?”

“ಹಂಗೇನಿಲ್ಲ” ಎಂದಳು, ಮುಖ ನೋಡದೆ. ಕೀರ್ತನಾ ಕೆಲಸ ಬಿಟ್ಟು ಹರಿಹರದ ಒಂದು ಆಸ್ಪತ್ರೆ ಸೇರಿದಳು.

ವಿಚಾರಣೆಯಲ್ಲಿ ಅರುಣ್ ಕುಮಾರ್ ಸಾಕ್ಷಿ ಹೇಳಲು ಬಂದಾಗ ಸನೋಬರ್ ತನ್ನ ಅನುಮಾನ ನಿಜವಾಯಿತು ಎಂದುಕೊಂಡಳು. ಆದರೆ ಅವರು ಹೇಳಿದ್ದಿಷ್ಟು: “ಸರಿಯಾದ ಜಾಗಕ್ಕೆ ಕೊಟ್ಟರೂ ಅಪರೂಪಕ್ಕೆ ನರಕ್ಕೆ ಪೆಟ್ಟಾಗಬಹುದು. ತೊಂದರೆ ಅಂತ ಬಂದ ತಕ್ಷಣ ಪರೀಕ್ಷೆ ಮಾಡಬೇಕು.”

ಇದರಲ್ಲೂ ಏನೋ ಮಸಲತ್ತು ಇರಬೇಕು ಎಂದು ಅವಳು ಯೋಚಿಸುತ್ತಿರುವಾಗಲೇ ಪಾಟೀಸವಾಲಿಗೆ ಅವಳ ಸರದಿ ಬಂತು. ಎದುರಿನ ವಕೀಲರು ಕೇಳಿದರು: “ಮರುದಿನ ಅವರು ಕಾಲೆಳೆದುಕೊಂಡು ನಿಮ್ಮ ಕ್ಲಿನಿಕ್ಕಿಗೆ ಬಂದಿದ್ದರು. ನೋಡಿದಿರಾ?”

ನೆನಪಿಲ್ಲ ಎನ್ನುವಂತೆ ಲಿಂಗಣ್ಣ ಕಣ್ಣಲ್ಲೇ ಸೂಚಿಸಿದರು. ಬಾಗಿಲಲ್ಲಿ ಗೋಡೆ ಹಿಡಿದು ನಿಂತಿದ್ದವನು ಅವಳಿಗೆ ಚೆನ್ನಾಗಿಯೇ ನೆನಪಿದ್ದ.

“ಬಂದಿದ್ರು. ನಾಟಕ ಮಾಡ್ತಿದಾರೆ ಅಂದ್ಕೊಂಡೆ. ಪರೀಕ್ಷೆ ಮಾಡದೆ ವಾಪಸ್ ಕಳಿಸಿದೆ.”

ಇಂಜೆಕ್ಷನ್ ಕೊಟ್ಟದ್ದರಲ್ಲಿ ನಿರ್ಲಕ್ಷ್ಯ ರುಜುವಾತಾಗಿಲ್ಲ, ಆಮೇಲೆ ನೋಡದೆ ಕಳಿಸಿದ್ದು ಸೇವಾ ನ್ಯೂನತೆ, ಪರಿಹಾರ ಕೊಡಬೇಕು ಎಂದು ಆಯೋಗ ಆದೇಶಿಸಿತು. ಹೊರಗೆ ಸಣ್ಣತಿಮ್ಮಪ್ಪ ಸಿಕ್ಕಿದ. ಅವಳಿಗೆ ತಡೆಯಲಾಗಲಿಲ್ಲ.

“ನಿಜ ಹೇಳಪ್ಪ, ಕೇಸು ಹಾಕು ಅಂತ ಯಾರು ಹೇಳಿದ್ರು?”

“ಯಾರೂ ಇಲ್ಲ ಡಾಕ್ಟ್ರಮ್ಮ. ಅವತ್ತು ಒಂದ್ಸಲ ಕಾಲು ಮುಟ್ಟಿ ನೋಡಿದ್ರೆ ನಾನ್ಯಾಕ ಇಲ್ಲಿಗೆ ಬರ್ತಿದ್ದೆ?”

ಮೇಲ್ಮನವಿ ಹಾಕೋಣ ಎಂದ ಲಿಂಗಣ್ಣನವರಿಗೆ ಅವಳು ಬೇಡ ಎಂದಳು. ಮರುವಾರ ಹರಿಹರಕ್ಕೆ ಹೋಗಿ ಕೀರ್ತನಾಳನ್ನು ಕೆಲಸಕ್ಕೆ ಕರೆದಳು. ಕೀರ್ತನಾ ಚಹಾ ತರಿಸಿ, ಸನೋಬರ್ ಮಕ್ಕಳ ಆರೋಗ್ಯ ವಿಚಾರಿಸಿ, “ಬರೋಕಾಗಲ್ಲ ಮೇಡಂ” ಎಂದು ಮೆತ್ತಗೆ ಹೇಳಿದಳು.